ಹಾಸನದ ಹೃದಯಾಘಾತಗಳು: ಎಣಿಸದ ಸಾವಿಗೆ ಲಸಿಕೆಯ ಲೆಕ್ಕ

ಮೂವತ್ತರ ಆಸುಪಾಸಿನ ಯಾರಾದರೂ ಕುಸಿದು ಬಿದ್ದು ತೀರಿಕೊಂಡರು ಎಂಬ ಸುದ್ದಿ ಬರಲಿ, ಅದರ ಕೆಳಗಿನ ಮೊದಲ ಮಾತು ಈಗ ಹೆಚ್ಚುಕಡಿಮೆ ಒಂದೇ: 'ವ್ಯಾಕ್ಸಿನ್ ಎಫೆಕ್ಟ್ ಇರಬೇಕು.' ಇದನ್ನು ಹೇಳುವವರೆಲ್ಲ ದಡ್ಡರಲ್ಲ. 2025ರ ಜುಲೈನಲ್ಲಿ ರಾಜ್ಯದ ಮುಖ್ಯಮಂತ್ರಿಯೇ ಆ ಅನುಮಾನವನ್ನು ಬಾಯಿಬಿಟ್ಟು ಹೇಳಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ತಳ್ಳಿಹಾಕಿತು. ಕೆಲವೇ ದಿನಗಳಲ್ಲಿ ರಾಜ್ಯದ್ದೇ ತಜ್ಞರ ಸಮಿತಿಯೂ ಸಂಬಂಧ ಕಾಣುತ್ತಿಲ್ಲ ಎಂದಿತು. ಸರ್ಕಾರವೇ ಕೇಳಿ ಸರ್ಕಾರವೇ ಇಲ್ಲ ಎಂದಾಗ ಜನ ಯಾವುದನ್ನು ನಂಬಬೇಕು?

ಜಗಳ ಲಸಿಕೆಯ ಸುತ್ತ ನಡೆಯಿತು. ಅದಕ್ಕಿಂತ ಮೊದಲೇ ಕೇಳಬೇಕಿದ್ದ ಒಂದು ಪ್ರಶ್ನೆ ಮಾತ್ರ ಬದಿಗೆ ಸರಿಯಿತು: ಹಾಸನದಲ್ಲಿ ಸಾವು ನಿಜಕ್ಕೂ ಹೆಚ್ಚಾಗಿತ್ತೇ?

## ನಲವತ್ತು ದಿನ, ಇಪ್ಪತ್ತನಾಲ್ಕು ಸಾವು

ಆದದ್ದು ಇಷ್ಟು. 2025ರ ಮೇ ಕೊನೆಯಿಂದ ಜೂನ್ ಕೊನೆಯವರೆಗೆ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಒಬ್ಬರಾದ ಮೇಲೆ ಒಬ್ಬರು ತೀರಿಕೊಂಡ ಸುದ್ದಿ ಬರತೊಡಗಿತು. ಅವರಲ್ಲಿ ಹಲವರು ಚಿಕ್ಕ ವಯಸ್ಸಿನವರು. ಟಿವಿಯಲ್ಲಿ ದಿನವೂ ಲೆಕ್ಕ ಏರುತ್ತಿತ್ತು: ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು, ಹಾಸನವೊಂದರಲ್ಲೇ ಒಂದು ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದಾರೆ, ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಹತ್ತು ದಿನದಲ್ಲಿ ವರದಿ ಕೊಡಲಿದೆ ಎಂದರು. ಕೋವಿಡ್ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟಿದ್ದೂ ಒಂದು ಕಾರಣ ಇರಬಹುದು, ಅದನ್ನು ತಳ್ಳಿಹಾಕಲಾಗದು ಎಂಬ ಮಾತನ್ನೂ ಸೇರಿಸಿದರು.

ಲಸಿಕೆಗೂ ಸಾವಿಗೂ ಸಂಬಂಧವಿಲ್ಲ ಎನ್ನಲು ಕೇಂದ್ರವು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟಿತು. ಬಯೋಕಾನ್‌ನ ಕಿರಣ್ ಮಜುಂದಾರ್ ಷಾ ಅವರೂ ಮುಖ್ಯಮಂತ್ರಿಯ ಮಾತನ್ನು ಒಪ್ಪಲಿಲ್ಲ. ಪ್ರಶ್ನೆ ಕೇಳುವುದೇ ತಪ್ಪೇ ಎಂಬುದು ಮುಖ್ಯಮಂತ್ರಿಯ ಉತ್ತರವಾಗಿತ್ತು. ಪ್ರಶ್ನೆ ಕೇಳುವುದು ತಪ್ಪಲ್ಲ, ಸರಿ. ಆದರೆ ಉತ್ತರ ಹುಡುಕಲು ಸಮಿತಿ ಮಾಡಿದ ದಿನವೇ, ಅದೇ ಉಸಿರಿನಲ್ಲಿ ಅನುಮಾನವನ್ನೂ ಹೇಳಿಬಿಟ್ಟರೆ ಜನ ಹಿಡಿದುಕೊಳ್ಳುವುದು ಅನುಮಾನವನ್ನೇ. ಹತ್ತು ದಿನ ಬಿಟ್ಟು ಬರುವ ವರದಿಗೆ ಅಷ್ಟು ದೊಡ್ಡ ಗಂಟಲು ಇರುವುದಿಲ್ಲ.

ಸಮಿತಿ 24 ಸಾವುಗಳನ್ನು ಒಂದೊಂದಾಗಿ ನೋಡಿತು. ಅವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ. ಉಳಿದ ಇಪ್ಪತ್ತರಲ್ಲಿ ಅರ್ಧದಷ್ಟಕ್ಕೆ ಮಾತ್ರ ಗಟ್ಟಿ ದಾಖಲೆ ಇತ್ತು. ಮಿಕ್ಕವು 'ಹೃದಯಾಘಾತ ಇರಬಹುದು' ಎನ್ನುವ ಮಟ್ಟದವು. ಕೆಲವರಿಗೆ ಮೊದಲೇ ಹೃದಯದ ಕಾಯಿಲೆ ಇತ್ತು. ಕ್ಯಾಬ್, ಆಟೊ ಓಡಿಸುವವರ ಪಾಲು ಎದ್ದು ಕಾಣುವಷ್ಟಿತ್ತು. ಎಲ್ಲಕ್ಕೂ ಒಂದೇ ಕಾರಣ ಎನ್ನುವಂಥದ್ದು ಸಿಗಲಿಲ್ಲ.

## ಇಪ್ಪತ್ತನಾಲ್ಕು ಅಂದರೆ ಜಾಸ್ತಿಯೇ?

ಇಲ್ಲಿ ಒಂದು ಒರಟು ಲೆಕ್ಕ ಹಾಕಿ ನೋಡಬಹುದು. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ಕರ್ನಾಟಕದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಮಂದಿ ಸಾಯುತ್ತಾರೆ. ಅಂದರೆ ಆ ಜಿಲ್ಲೆಯಲ್ಲಿ ಎಲ್ಲ ಕಾರಣಕ್ಕೂ ಸೇರಿ ವರ್ಷಕ್ಕೆ ಹನ್ನೊಂದು ಸಾವಿರದಷ್ಟು ಸಾವು. ನಲವತ್ತು ದಿನಕ್ಕೆ ಸುಮಾರು 1,200.

ಇವುಗಳಲ್ಲಿ ಹೃದಯದ್ದು ಎಷ್ಟು? ಕೇಂದ್ರದ ರಿಜಿಸ್ಟ್ರಾರ್ ಜನರಲ್ ಕಚೇರಿ 2021–23ರ ಸಾವಿನ ಕಾರಣಗಳ ವರದಿ ಕೊಟ್ಟಿದೆ. ದೇಶದಲ್ಲಿ ನೂರಕ್ಕೆ 31 ಸಾವು ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ, ಪಾರ್ಶ್ವವಾಯುವೂ ಅದರಲ್ಲೇ ಸೇರಿದೆ. ಇದೇ ಪಾಲನ್ನು ಹಾಸನಕ್ಕೂ ಹಿಡಿದರೆ ನಲವತ್ತು ದಿನದಲ್ಲಿ 350ರಿಂದ 400 ಸಾವು ಬರುತ್ತದೆ. ಯಾವ ಸುದ್ದಿಯೂ ಇಲ್ಲದ, ಯಾರೂ ಗಾಬರಿಯಾಗದ ಮಾಮೂಲಿ ನಲವತ್ತು ದಿನದಲ್ಲಿ!

ಇವರಲ್ಲಿ ಬಹುಪಾಲು ವಯಸ್ಸಾದವರು, ನಿಜ. ನಮ್ಮನ್ನು ಬೆಚ್ಚಿಬೀಳಿಸುವುದು ಎಳೆಯರ ಸಾವು. ಆದರೆ ಹತ್ತರಲ್ಲಿ ಒಬ್ಬರು 45ರ ಒಳಗಿನವರು ಎಂದು ಇಟ್ಟುಕೊಂಡರೂ ಮೂವತ್ತೈದು ದಾಟುತ್ತದೆ. ಟಿವಿ ಎಣಿಸಿದ್ದು ಎಲ್ಲ ವಯಸ್ಸಿನವರೂ ಸೇರಿ ಇಪ್ಪತ್ತನಾಲ್ಕು.

ಸುದ್ದಿ ಸುಳ್ಳು ಎಂದು ಹೇಳುತ್ತಿಲ್ಲ. ಒಂದೊಂದು ಸಾವೂ ಒಂದೊಂದು ಮನೆಯನ್ನು ಮುರಿದಿದೆ. ಹೇಳುತ್ತಿರುವುದು ಬೇರೆ: ಆ ಇಪ್ಪತ್ತನಾಲ್ಕು ಸುದ್ದಿಗೆ ಸಿಕ್ಕ ಸಾವುಗಳ ಸಂಖ್ಯೆಯೇ ಹೊರತು ನಡೆದ ಸಾವುಗಳ ಸಂಖ್ಯೆಯಲ್ಲ. ಸುದ್ದಿಗೆ ಸಿಗುವುದು ಹೇಗೆ ಅನ್ನುವುದೂ ಗೊತ್ತಿರುವ ವಿಷಯವೇ. ಹತ್ತು ಸಾವು ವರದಿಯಾದ ಮೇಲೆ ವರದಿಗಾರರು ಹನ್ನೊಂದನೆಯದನ್ನು ಹುಡುಕಿಕೊಂಡು ಹೋಗುತ್ತಾರೆ. ಮೊದಲು ಹಳ್ಳಿಯ ಹೊರಗೆ ಯಾರಿಗೂ ತಿಳಿಯದೆ ಮುಗಿಯುತ್ತಿದ್ದ ಸಾವು ಈಗ ರಾಜ್ಯದ ಸುದ್ದಿಯಾಗುತ್ತದೆ. ಸಂಖ್ಯೆ ಏರಿದ್ದು ಕಾಣುತ್ತದೆ, ಹುಡುಕಾಟ ಏರಿದ್ದು ಕಾಣುವುದಿಲ್ಲ.

ಹಾಸನದಲ್ಲಿ ಸಾವು ಹಠಾತ್ತನೆ ಏರಿದೆ ಎನ್ನಲು ಆಸ್ಪತ್ರೆ ದಾಖಲೆಗಳಲ್ಲಿ ಆಧಾರ ಸಿಗಲಿಲ್ಲ. ಹಾಗಂತ ಏರಿಲ್ಲ ಎಂದು ಎದೆತಟ್ಟಿ ಹೇಳಲೂ ಆಗದು. ಯಾಕೆ ಎನ್ನುವುದು ಮುಂದಿದೆ.

## 'ಹಾರ್ಟ್ ಅಟ್ಯಾಕ್' ಎಂದು ಹೇಳಿದವರು ಯಾರು?

ನಮ್ಮಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡರೆ ಕೇಳಿದವರಿಗೆ ಸಿಗುವ ಉತ್ತರ 'ಹಾರ್ಟ್ ಅಟ್ಯಾಕ್'. ವೈದ್ಯರು ನೋಡಿರಲಿ ಬಿಡಲಿ, ಇಸಿಜಿ ಆಗಿರಲಿ ಬಿಡಲಿ. ಅಂತ್ಯಕ್ರಿಯೆ ಅದೇ ದಿನವೋ ಮರುದಿನವೋ ಮುಗಿಯುತ್ತದೆ. ಕಾರಣ ಅಲ್ಲಿಗೆ ನಿಂತಿತು.

ವೈದ್ಯರ ಭಾಷೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಹೃದಯದ ಸ್ನಾಯುವಿಗೆ ರಕ್ತ ತರುವ ನಾಳ ಕಟ್ಟಿಕೊಂಡರೆ ಅದು ಹೃದಯಾಘಾತ. ಹೃದಯದ ಬಡಿತವೇ ನಿಂತುಬಿಟ್ಟರೆ ಅದು ಹೃದಯ ಸ್ತಂಭನ. ಹೃದಯಾಘಾತದಿಂದ ಸ್ತಂಭನ ಆಗಬಹುದು. ಆದರೆ ಸ್ತಂಭನಕ್ಕೆ ಬೇರೆ ಕಾರಣಗಳೂ ಇವೆ: ಹುಟ್ಟಿನಿಂದಲೇ ಬಂದ ಬಡಿತದ ದೋಷ, ದಪ್ಪಗಾದ ಹೃದಯದ ಸ್ನಾಯು, ಶ್ವಾಸಕೋಶದ ನಾಳದಲ್ಲಿ ರಕ್ತದ ಹೆಪ್ಪು, ಮಿದುಳಿನ ರಕ್ತಸ್ರಾವ, ವಿಷ, ವಿದ್ಯುತ್ ಆಘಾತ. ಕೊನೆಗೆ ಎಲ್ಲರ ಹೃದಯವೂ ನಿಲ್ಲುತ್ತದೆ ಅಲ್ವಾ? ಹಾಗಾಗಿ 'ಹೃದಯ ನಿಂತು ಸತ್ತರು' ಎನ್ನುವುದು ಕಾರಣವನ್ನು ಹೇಳಿದಂತಲ್ಲ.

ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ಸುಮಾರು ನೂರಕ್ಕೆ 23ಕ್ಕೆ ಮಾತ್ರ ವೈದ್ಯರು ಕಾರಣ ಬರೆದ ಪ್ರಮಾಣಪತ್ರ ಇರುತ್ತದೆ. ಉಳಿದವರಲ್ಲಿ ಹಲವರು ಮನೆಯಲ್ಲೋ ದಾರಿಯಲ್ಲೋ ತೀರಿಕೊಂಡವರು. ಅವರ ಸಾವಿನ ಕಾರಣ ಮನೆಯವರು ಹೇಳಿದ್ದೇ. ಹೀಗಿರುವಾಗ 'ಹೋದ ವರ್ಷ ಇದೇ ನಲವತ್ತು ದಿನದಲ್ಲಿ 45ರ ಒಳಗಿನವರು ಎಷ್ಟು ಮಂದಿ ಹೃದಯಾಘಾತದಿಂದ ಸತ್ತರು' ಎಂದು ಯಾರಾದರೂ ಕೇಳಿದರೆ ಯಾವ ಜಿಲ್ಲೆಯ ಕಡತದಲ್ಲೂ ಪೂರ್ತಿ ಉತ್ತರ ಇಲ್ಲ. ಹೋಲಿಸಲು ಹಳೆಯ ಲೆಕ್ಕವೇ ಇಲ್ಲದಿದ್ದರೆ ಏರಿತು ಎನ್ನುವವರೂ ಸರಿ, ಏರಿಲ್ಲ ಎನ್ನುವವರೂ ಸರಿ. ಗಾಳಿಮಾತು ಬಂದು ಕೂರುವುದು ಇಂಥ ಖಾಲಿ ಜಾಗದಲ್ಲೇ.

## ಲಸಿಕೆಯ ಮೇಲೆ ಅನುಮಾನ ಬಂದದ್ದು ಸುಮ್ನೆ ಅಲ್ಲ

ಅನುಮಾನಕ್ಕೆ ಮೂರು ಎಳೆಗಳಿವೆ. ಬಿಡಿಸಿ ನೋಡಿದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಮೊದಲನೆಯದು ಅವಸರ. ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್ ಎರಡಕ್ಕೂ 2021ರ ಜನವರಿ 3ರಂದು ತುರ್ತು ಬಳಕೆಗೆ ಒಪ್ಪಿಗೆ ಸಿಕ್ಕಿತು. ಆಗ ಕೋವ್ಯಾಕ್ಸಿನ್‌ನ ಮೂರನೇ ಹಂತದ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ. ಇದನ್ನು ಆಗಲೇ ಹಲವು ವಿಜ್ಞಾನಿಗಳು ಪ್ರಶ್ನಿಸಿದ್ದರು, ನ್ಯಾಯವಾಗಿಯೇ. ಆದರೆ ಒಪ್ಪಿಗೆಯ ವಿಧಾನ ಸರಿಯಿತ್ತೇ ಎನ್ನುವುದು ಒಂದು ಪ್ರಶ್ನೆ. ನಾಲ್ಕು ವರ್ಷದ ನಂತರದ ಸಾವಿಗೆ ಅದೇ ಕಾರಣವೇ ಎನ್ನುವುದು ಬೇರೆಯದೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಏನೇ ಇದ್ದರೂ ಎರಡನೆಯದನ್ನು ಅದು ತೀರ್ಮಾನಿಸುವುದಿಲ್ಲ.

ಎರಡನೆಯದು ಬ್ರಿಟನ್‌ನ ಕೋರ್ಟಿನ ಸುದ್ದಿ. ತನ್ನ ಲಸಿಕೆಯಿಂದ ತೀರಾ ಅಪರೂಪಕ್ಕೆ ಟಿಟಿಎಸ್ ಎಂಬ ತೊಂದರೆ ಆಗಬಹುದು ಎಂದು ಆಸ್ಟ್ರಾಜೆನೆಕಾ ಕಂಪನಿ ಕೋರ್ಟಿಗೆ ಕೊಟ್ಟ ದಾಖಲೆಯಲ್ಲಿ ಒಪ್ಪಿಕೊಂಡಿತು. 2024ರ ಏಪ್ರಿಲ್‌ನಲ್ಲಿ ಇದು ದೊಡ್ಡ ಸುದ್ದಿಯಾಯಿತು. ಪುಣೆಯ ಸೀರಂ ಸಂಸ್ಥೆ ಅದೇ ಲಸಿಕೆಯನ್ನು ಕೋವಿಶೀಲ್ಡ್ ಹೆಸರಿನಲ್ಲಿ ತಯಾರಿಸಿದ್ದರಿಂದ ಇಲ್ಲಿ ಜನ ಹೌಹಾರಿದರು. ಟಿಟಿಎಸ್ ಅಂದರೆ ರಕ್ತ ಹೆಪ್ಪುಗಟ್ಟುವುದು, ಜೊತೆಗೆ ಪ್ಲೇಟ್‌ಲೆಟ್ ಇಳಿಯುವುದು. ಯುರೋಪಿನಲ್ಲಿ ಇದು ಕಂಡದ್ದು ಸುಮಾರು ಲಕ್ಷಕ್ಕೆ ಒಬ್ಬಿಬ್ಬರಲ್ಲಿ. ಮುಖ್ಯ ಸಂಗತಿ ಸಮಯ. ಲಸಿಕೆ ಹಾಕಿಸಿಕೊಂಡ ಕೆಲವು ದಿನಗಳಿಂದ ಆರು ವಾರದೊಳಗೆ ಇದು ಬರುತ್ತದೆ. 2021ರಲ್ಲಿ ಚುಚ್ಚಿಸಿಕೊಂಡವರಿಗೆ 2025ರಲ್ಲಿ ಬರುವ ಕಾಯಿಲೆ ಇದಲ್ಲ.

ಮೂರನೆಯದು ಮಯೋಕಾರ್ಡೈಟಿಸ್, ಅಂದರೆ ಹೃದಯದ ಸ್ನಾಯುವಿನ ಉರಿಯೂತ. ಎಂಆರ್‌ಎನ್‌ಎ ಲಸಿಕೆಗಳಿಂದ, ಅದರಲ್ಲೂ ಎರಡನೇ ಡೋಸ್ ಪಡೆದ ಹುಡುಗರಲ್ಲಿ, ಅಪರೂಪಕ್ಕೆ ಇದು ಆಗುತ್ತದೆ ಎನ್ನುವುದು ಒಪ್ಪಿತ ಸಂಗತಿ. 'ಜಗತ್ತಿನ ಹಲವು ಅಧ್ಯಯನಗಳು' ಎಂದು ಯಾರಾದರೂ ಹೇಳಿದರೆ ಅವುಗಳಲ್ಲಿ ಬಹುಪಾಲು ಇದರ ಬಗ್ಗೆಯೇ ಇರುತ್ತವೆ. ಆದರೆ ಆ ಲಸಿಕೆಗಳು ಫೈಜರ್ ಮತ್ತು ಮಾಡರ್ನಾದವು. ನಮ್ಮ ಲಸಿಕೆ ಅಭಿಯಾನದಲ್ಲಿ ಅವನ್ನು ಕೊಡಲೇ ಇಲ್ಲ. ಅಲ್ಲದೆ ಉರಿಯೂತ ಬೇರೆ, ನಾಳ ಕಟ್ಟಿಕೊಳ್ಳುವ ಹೃದಯಾಘಾತ ಬೇರೆ. ಅಮೆರಿಕದ ಲಸಿಕೆಯ ಅಡ್ಡಪರಿಣಾಮವನ್ನು ಹಾಸನದ ಸಾವಿಗೆ ಹೊಂದಿಸುವಾಗ ಲಸಿಕೆಯೂ ಬದಲಾಗಿದೆ, ಕಾಯಿಲೆಯೂ ಬದಲಾಗಿದೆ. ಯಾರೂ ಗಮನಿಸಲಿಲ್ಲ ಅಷ್ಟೆ.

## ಐಸಿಎಂಆರ್ ಏನು ಮಾಡಿತು, ಏನು ಕಂಡಿತು

ಲಸಿಕೆಯಿಂದ ಸಾವು ಬಂತೇ ಎಂದು ತಿಳಿಯುವುದು ಹೇಗೆ? ಸತ್ತವರಲ್ಲಿ ಎಷ್ಟು ಜನ ಲಸಿಕೆ ಹಾಕಿಸಿಕೊಂಡಿದ್ದರು ಎಂದಷ್ಟೇ ಎಣಿಸಿದರೆ ಸಾಲದು. ಅವರಂತೆಯೇ ಇದ್ದು ಬದುಕಿರುವವರಲ್ಲಿ ಎಷ್ಟು ಜನ ಹಾಕಿಸಿಕೊಂಡಿದ್ದರು ಎಂಬುದೂ ಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮಾತ್ರ ವ್ಯತ್ಯಾಸ ಕಾಣುತ್ತದೆ.

ಐಸಿಎಂಆರ್‌ನ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗ ಅಧ್ಯಯನ ಸಂಸ್ಥೆ 2023ರ ಮೇ–ಆಗಸ್ಟ್‌ನಲ್ಲಿ ಇದನ್ನೇ ಮಾಡಿತು. 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ದೊಡ್ಡ ಆಸ್ಪತ್ರೆಗಳು ಕೈಜೋಡಿಸಿದವು. 18ರಿಂದ 45 ವರ್ಷದೊಳಗಿನ, ಮೇಲ್ನೋಟಕ್ಕೆ ಆರೋಗ್ಯವಾಗಿದ್ದು 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ಹಠಾತ್ತನೆ ತೀರಿಕೊಂಡ 729 ಮಂದಿಯನ್ನು ತೆಗೆದುಕೊಂಡರು. ಪ್ರತಿಯೊಬ್ಬರಿಗೂ ಅದೇ ವಯಸ್ಸಿನ, ಅದೇ ಲಿಂಗದ, ಅದೇ ಕೇರಿಯ ನಾಲ್ವರು ಬದುಕಿರುವವರನ್ನು ಜೋಡಿ ಮಾಡಿದರು. ಒಟ್ಟು 2,916.

ಉತ್ತರ ಹೀಗೆ ಬಂತು. ಲಸಿಕೆಯಿಂದ ಹಠಾತ್ ಸಾವಿನ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಅದು ಅರ್ಧಕ್ಕೆ ಹತ್ತಿರದಷ್ಟು ಕಡಿಮೆಯೇ ಇತ್ತು. ಅಪಾಯ ಹೆಚ್ಚಿದ್ದು ಬೇರೆಯವರಲ್ಲಿ: ಕೋವಿಡ್ ಬಂದು ಆಸ್ಪತ್ರೆ ಸೇರಿದ್ದವರು, ಮನೆತನದಲ್ಲಿ ಹಠಾತ್ ಸಾವು ಕಂಡಿದ್ದವರು, ಸಾಯುವ ಮುಂಚಿನ ಎರಡು ದಿನದಲ್ಲಿ ವಿಪರೀತ ಕುಡಿದವರು, ಮಾದಕ ವಸ್ತು ತೆಗೆದುಕೊಂಡವರು, ಅದೇ ಎರಡು ದಿನದಲ್ಲಿ ಮೈಮುರಿಯುವಂತೆ ಕಸರತ್ತು ಮಾಡಿದವರು. ವಿಪರೀತ ಕುಡಿತದ ಅಪಾಯ ಐದು ಪಟ್ಟು ಮೀರಿತ್ತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಿಗೆ ಹೆಚ್ಚುಕಡಿಮೆ ನಾಲ್ಕು ಪಟ್ಟು.

ಗಮನಿಸಿ: ಕೋವಿಡ್ ಲಸಿಕೆ ಅಲ್ಲ, ಕೋವಿಡ್ ಕಾಯಿಲೆ. ಈ ಎರಡೂ ಒಂದೇ ಕಾಲದಲ್ಲಿ ಬಂದವು. ದೇಶದಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ರಂದು, ಎರಡನೇ ಅಲೆ ಬಂದದ್ದು ಅದಾದ ಎರಡು–ಮೂರು ತಿಂಗಳಲ್ಲಿ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಯಾಯಿತು. ಕೊಂಬೆಗೆ ಮೊದಲೇ ಗೆದ್ದಲು ಹಿಡಿದಿತ್ತೇ ಎಂದು ನೋಡುವವರು ಕಡಿಮೆ.

ಈ ಅಧ್ಯಯನಕ್ಕೂ ಮಿತಿಗಳಿವೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಸತ್ತವರ ಬಗ್ಗೆ ಮಾಹಿತಿ ಕೊಟ್ಟವರು ಮನೆಯವರು, ಅವರ ನೆನಪು ತಪ್ಪಬಹುದು. ಮುತುವರ್ಜಿಯಿಂದ ಲಸಿಕೆ ಹಾಕಿಸಿಕೊಳ್ಳುವವರು ಬೇರೆ ವಿಷಯದಲ್ಲೂ ಆರೋಗ್ಯ ನೋಡಿಕೊಳ್ಳುವವರೇ ಇರಬಹುದು, ಹಾಗಾಗಿ 'ಅರ್ಧದಷ್ಟು ಕಡಿಮೆ' ಎಂಬುದರ ಪೂರ್ತಿ ಶ್ರೇಯಸ್ಸು ಲಸಿಕೆಯದ್ದೇ ಎನ್ನಲಾಗದು. ಸಾವುಗಳ ಲೆಕ್ಕ 2023ರ ಮಾರ್ಚ್‌ಗೇ ನಿಲ್ಲುತ್ತದೆ. ಆದರೆ ಲಸಿಕೆ ನಿಜಕ್ಕೂ ಯುವಕರನ್ನು ಕೊಲ್ಲುತ್ತಿದ್ದರೆ, ಅದು ಹಾಕಿದ ಮೊದಲೆರಡು ವರ್ಷದ ಲೆಕ್ಕದಲ್ಲೇ ತಲೆ ಎತ್ತಬೇಕಿತ್ತು. ಎತ್ತಲಿಲ್ಲ. ದೆಹಲಿಯ ಏಮ್ಸ್‌ನಲ್ಲಿ ಮರಣೋತ್ತರ ಪರೀಕ್ಷೆ ಮಾಡಿ ನೋಡಿದಾಗಲೂ ಯುವಜನರ ಹಠಾತ್ ಸಾವಿಗೆ ಮುಖ್ಯ ಕಾರಣವಾಗಿ ಕಂಡದ್ದು ಹೃದಯದ ರಕ್ತನಾಳದ ಹಳೆಯ ಕಾಯಿಲೆಯೇ.

## ಸತ್ತವರೆಲ್ಲ ಲಸಿಕೆ ಹಾಕಿಸಿಕೊಂಡಿದ್ದರಲ್ಲ?

ಹೌದು. ಜಯದೇವ ಸಂಸ್ಥೆ 2025ರ ಏಪ್ರಿಲ್–ಮೇ ತಿಂಗಳಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯದ ಕಾಯಿಲೆಯಿಂದ ದಾಖಲಾದ 251 ಮಂದಿಯನ್ನು ನೋಡಿತು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಲಸಿಕೆ ಪಡೆದವರೇ. ಕರ್ನಾಟಕದ ದೊಡ್ಡವರಲ್ಲೂ ಹೆಚ್ಚುಕಡಿಮೆ ಎಲ್ಲರೂ ಪಡೆದವರೇ. ಆ 251 ಜನರಲ್ಲಿ ಅನ್ನವನ್ನೋ ಮುದ್ದೆಯನ್ನೋ ಉಂಡವರು ಎಷ್ಟು ಎಂದು ಕೇಳಿದರೂ ಇದೇ ಉತ್ತರ ಬರುತ್ತದೆ. ಅದೇ ಪಟ್ಟಿಯಲ್ಲಿ ಬೀಡಿ–ಸಿಗರೇಟು ಸೇದುವವರು ನೂರಕ್ಕೂ ಹೆಚ್ಚು ಇದ್ದರು. ಬಿಪಿ ಇದ್ದವರು ಸುಮಾರು ನೂರು.

## ಎಳೆಯರಿಗೆ ಯಾಕೆ ಬರುತ್ತದೆ?

ಇದು ಲಸಿಕೆಗಿಂತ ಹಳೆಯ ಕಥೆ. ನೆನಪು ಚಿಕ್ಕದಾದ್ದರಿಂದ ಹೊಸದೆನಿಸುತ್ತದೆ. ನಟ ಚಿರಂಜೀವಿ ಸರ್ಜಾ 39ನೇ ವಯಸ್ಸಿನಲ್ಲಿ ತೀರಿಕೊಂಡದ್ದು 2020ರ ಜೂನ್ 7ರಂದು. ಆಗ ದೇಶದಲ್ಲಿ ಲಸಿಕೆಯೇ ಇರಲಿಲ್ಲ.

52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನವನ್ನು ಮುನ್ನಡೆಸಿದವರು ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದ ಡಾ. ಸಲೀಂ ಯೂಸುಫ್. ಅದರ ಆಧಾರದಲ್ಲಿ 2007ರಲ್ಲಿ ಬಂದ ಪ್ರಬಂಧವೊಂದು ಹೇಳಿದ್ದು ಇದು: ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗುವ ನಡುವಯಸ್ಸು 53, ಬೇರೆ ದೇಶದವರಿಗೆ ಸುಮಾರು 59. ಆರು ವರ್ಷ ಮುಂಚೆ. ಇದಕ್ಕೆ ಬಹುಪಾಲು ಕಾರಣ ನಮ್ಮಲ್ಲಿ ಅಪಾಯದ ಅಂಶಗಳು ಬೇಗ ಶುರುವಾಗುವುದು. ಶುಗರ್, ಬಿಪಿ, ತಂಬಾಕು, ಹೊಟ್ಟೆಯ ಸುತ್ತ ಬೊಜ್ಜು, ರಕ್ತದಲ್ಲಿ ಕೆಟ್ಟ ಕೊಬ್ಬು, ಮೈ ಬಗ್ಗಿಸದ ಬದುಕು, ಒತ್ತಡ.

ಕಳವಳ ಹುಟ್ಟಿಸುವುದು ಇದರ ಹೊರಗಿರುವವರು. ಜಯದೇವದಲ್ಲಿ 40ರ ಒಳಗಿನ ಹೃದ್ರೋಗಿಗಳ ಅಧ್ಯಯನ 2017ರಿಂದಲೇ ನಡೆಯುತ್ತಿದೆ. ಶುಗರ್ ಇಲ್ಲ, ಬಿಪಿ ಇಲ್ಲ, ಸಿಗರೇಟು ಇಲ್ಲ, ಆದರೂ ಅಟ್ಯಾಕ್ ಆದವರು ಅಲ್ಲಿ ಮೊದಲಿನಿಂದಲೂ ಕಾಣುತ್ತಿದ್ದಾರೆ. ಆ 251 ಮಂದಿಯಲ್ಲೂ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇಂಥವರು. 'ಏನೂ ಕೆಟ್ಟ ಅಭ್ಯಾಸ ಇರಲಿಲ್ಲ, ಹೇಗೆ ಹೋದ' ಎಂದು ಕೇಳುವ ಮನೆಯವರು ಸುಳ್ಳು ಹೇಳುತ್ತಿಲ್ಲ. ವಂಶದಿಂದ ಬಂದ ಕೊಬ್ಬಿನ ದೋಷ, ಕೆಟ್ಟ ಗಾಳಿ, ನಿದ್ದೆಗೆಟ್ಟ ಪಾಳಿ ಕೆಲಸ, ಹಿಂದೆ ಬಂದುಹೋದ ಕೋವಿಡ್, ಎಲ್ಲವೂ ತಜ್ಞರ ಪಟ್ಟಿಯಲ್ಲಿವೆ. ಯಾವುದಕ್ಕೆ ಎಷ್ಟು ಪಾಲು ಎನ್ನುವುದು ಇನ್ನೂ ಬಿಡಿಸಿಲ್ಲ. ಈ ಗುಂಪಿನ ಪ್ರಶ್ನೆಗೆ 'ಜೀವನಶೈಲಿ' ಎಂಬ ಒಂದೇ ಪದ ಎಸೆದು ಕೈತೊಳೆದುಕೊಂಡರೆ ಜನ ಮತ್ತೆ ಲಸಿಕೆಯ ಕಡೆಗೇ ತಿರುಗುತ್ತಾರೆ. ಆ ಮಟ್ಟಿಗೆ ತಪ್ಪು ತಜ್ಞರದ್ದೂ ಇದೆ.

## ಪೋಸ್ಟ್ ಮಾರ್ಟಂ ಕಡ್ಡಾಯ ಎಂದರೆ

ವರದಿಯ ನಂತರ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹಲವು ಕ್ರಮಗಳನ್ನು ಹೇಳಿದರು. ಮುಖ್ಯವಾದದ್ದು ಎರಡು: ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವನ್ನು ಸರ್ಕಾರಕ್ಕೆ ತಿಳಿಸಲೇಬೇಕು, ಅದಕ್ಕೆ ಮರಣೋತ್ತರ ಪರೀಕ್ಷೆ ಆಗಬೇಕು. ಟಿವಿ ಚರ್ಚೆಗಳಲ್ಲಿ ಇದಕ್ಕೆ ಸಿಕ್ಕ ಸಮಯ ಕಡಿಮೆ. ಇಡೀ ಪ್ರಕರಣದಲ್ಲಿ ಗಟ್ಟಿ ಇದ್ದದ್ದು ಇದೇ.

ಗಟ್ಟಿ ಇದ್ದಷ್ಟೇ ಕಷ್ಟದ್ದೂ ಹೌದು. ಮನೆಯಲ್ಲಿ ತೀರಿಕೊಂಡ ಮಗನ ದೇಹ ಕೊಯ್ಯಲು ಎಷ್ಟು ಜನ ಒಪ್ಪುತ್ತಾರೆ? ಪೋಸ್ಟ್ ಮಾರ್ಟಂ ಎಂದರೆ ನಮ್ಮಲ್ಲಿ ಪೊಲೀಸ್ ಕೇಸು, ಅಪವಾದ, ಒಂದು ದಿನದ ಕಾಯುವಿಕೆ. ಸೂರ್ಯ ಮುಳುಗಿದ ಮೇಲೂ ಮಾಡಬಹುದೆಂದು ಕೇಂದ್ರ 2021ರ ನವೆಂಬರ್‌ನಲ್ಲೇ ಹೇಳಿದೆ, ಆದರೆ ಅದಕ್ಕೆ ಬೇಕಾದ ಸೌಕರ್ಯ ಇರುವ ಕಡೆ ಮಾತ್ರ. ತಾಲ್ಲೂಕು ಶವಾಗಾರಗಳ ಸ್ಥಿತಿ ಎಲ್ಲರಿಗೂ ಗೊತ್ತಿರುವುದೇ.

ಇನ್ನೊಂದು ತೊಡಕು ವೈದ್ಯಕೀಯದ್ದು. ಹೃದಯಾಘಾತವಾಗಿ ಒಂದೆರಡು ಗಂಟೆಯಲ್ಲೇ ಸತ್ತಿದ್ದರೆ ಸ್ನಾಯುವಿನಲ್ಲಿ ಬರಿಗಣ್ಣಿಗೆ ಬದಲಾವಣೆ ಕಾಣದಿರಬಹುದು. ಬಡಿತ ತಪ್ಪಿ ಸತ್ತಿದ್ದರೆ ಗುರುತೇ ಉಳಿಯದು. ಹಾಗಾಗಿ ಕೊಯ್ದು ನೋಡಿದರೆ ಸಾಲದು. ಅಂಗಾಂಶದ ತುಣುಕನ್ನು ಲ್ಯಾಬಿಗೆ ಕಳಿಸಬೇಕು, ರಕ್ತದಲ್ಲಿ ಮದ್ಯ ಮತ್ತು ವಿಷದ ಪರೀಕ್ಷೆ ಆಗಬೇಕು, ಕೆಲವರಲ್ಲಿ ವಂಶವಾಹಿಯ ಪರೀಕ್ಷೆಯೂ ಬೇಕು. ಇದ್ಯಾವುದೂ ಇಲ್ಲದೆ ಕಡ್ಡಾಯ ಮಾಡಿದರೆ 'ಹೃದಯ ಸ್ತಂಭನ' ಎಂಬ ಅದೇ ಎರಡು ಪದದ ಸರ್ಟಿಫಿಕೇಟು ಕೊಯ್ದ ಮೇಲೆ ಬರುತ್ತದೆ, ಅಷ್ಟೇ ವ್ಯತ್ಯಾಸ.

ಪೂರ್ತಿ ಕೊಯ್ಯದೆಯೂ ಲೆಕ್ಕ ಇಡುವ ದಾರಿ ಒಂದಿದೆ. ಸಾವಾದ ಮನೆಗೆ ತರಬೇತಿ ಪಡೆದವರು ಹೋಗಿ ಕೊನೆಯ ದಿನಗಳ ಬಗ್ಗೆ ಕ್ರಮವಾಗಿ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಾರೆ. ಎದೆನೋವು ಇತ್ತೇ, ಎಷ್ಟು ಹೊತ್ತು, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಹೀಗೆ. ವೈದ್ಯರು ಅದನ್ನು ಓದಿ ಕಾರಣ ಗುರುತಿಸುತ್ತಾರೆ. ರಿಜಿಸ್ಟ್ರಾರ್ ಜನರಲ್ ಅವರ 31 ಶೇಕಡಾ ಲೆಕ್ಕ ಬಂದಿದ್ದೇ ಈ ವಿಧಾನದಿಂದ. ನಿಖರತೆ ಕಡಿಮೆ, ಖರ್ಚೂ ಕಡಿಮೆ. ಒಂದು ಜಿಲ್ಲೆಯಲ್ಲಿ ಏರಿಕೆ ಇದೆಯೋ ಇಲ್ಲವೋ ಎಂದು ತಿಳಿಯಲು ಇಷ್ಟು ಸಾಕು. 45ರ ಒಳಗಿನವರ ಸಾವಿಗೆ ಇದನ್ನು ಮೊದಲು ಮಾಡಿ, ಅನುಮಾನ ಉಳಿದವರಿಗೆ ಮಾತ್ರ ಪೋಸ್ಟ್ ಮಾರ್ಟಂ ಎಂದರೆ ನಡೆಯುವ ಮಾತು.

ಶಾಲಾ ಮಕ್ಕಳಿಗೆಲ್ಲ ಹೃದಯ ತಪಾಸಣೆ ಎಂಬ ಯೋಚನೆ ಕೇಳಲು ಚೆಂದ. ಆದರೆ ಆರೋಗ್ಯವಂತ ಮಕ್ಕಳ ಮೇಲೆ ದೊಡ್ಡ ಮಟ್ಟದಲ್ಲಿ ಇಸಿಜಿ ಮಾಡಿದರೆ ನಿಜವಾದ ದೋಷಕ್ಕಿಂತ ಸುಳ್ಳು ಎಚ್ಚರಿಕೆಗಳೇ ಜಾಸ್ತಿ ಬರುತ್ತವೆ.

## ಭಯಕ್ಕೂ ಬೆಲೆಯಿದೆ

ಜುಲೈನಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತು. ಹಾಸನ, ಮಂಡ್ಯ, ಚಾಮರಾಜನಗರದಿಂದ ಬಂದವರು. ಬಹುಪಾಲಿಗೆ ಯಾವ ಲಕ್ಷಣವೂ ಇರಲಿಲ್ಲ, ಒಮ್ಮೆ ತೋರಿಸಿಕೊಂಡು ಹೋಗೋಣ ಎಂದು ಬಂದಿದ್ದರು. ಒಬ್ಬ ವೈದ್ಯರು ದಿನಕ್ಕೆ ನೋಡಬಹುದಾದ ರೋಗಿಗಳ ಸಂಖ್ಯೆ ಅಷ್ಟೇ. ಆ ಸಾಲಿನ ಹಿಂದೆ ನಿಂತ ನಿಜವಾದ ಹೃದ್ರೋಗಿಗೆ ಕಾಯುವುದು ಉದ್ದವಾಯಿತು.

ಬೇರೊಂದು ಬೆಲೆ ನಿಧಾನಕ್ಕೆ ಕಾಣುವಂಥದ್ದು. ಲಸಿಕೆಯೇ ಕೊಂದಿತು ಎಂದು ನಂಬಿದವರು ನಾಳೆ ಮಗುವಿನ ದಡಾರ ಲಸಿಕೆಗೂ ಹಿಂದೆಮುಂದೆ ನೋಡಬಹುದು. ಹಾಗೆಯೇ, ಲಸಿಕೆ ಒಳಗೆ ಹೋಗಿಬಿಟ್ಟಿದೆ, ಇನ್ನೇನು ಮಾಡಲಿಕ್ಕಾಗುತ್ತೆ ಎಂದುಕೊಂಡವರು ಬಿಪಿ ನೋಡಿಸಿಕೊಳ್ಳುವುದನ್ನೂ ಬಿಡಬಹುದು. ಕೈಲಿ ಇರುವ ಕಾರಣ ಬಿಟ್ಟು ಕೈಗೆ ಸಿಗದ ಕಾರಣಕ್ಕೆ ಹೆದರುವುದು ಎಂದರೆ ಇದೇ.

ಹೃದಯಾಘಾತದಲ್ಲಿ ಜೀವ ಉಳಿಯುವುದು ಗಂಟೆಗಳ ಲೆಕ್ಕದಲ್ಲಿ. 46ನೇ ವಯಸ್ಸಿಗೆ 2021ರ ಅಕ್ಟೋಬರ್ 29ರಂದು ತೀರಿಕೊಂಡ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ನಡೆಸುತ್ತಿರುವುದು ಇದಕ್ಕೇ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿಂದ ಹೃದಯಾಘಾತ ಎಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ, ಉಚಿತವಾಗಿ ಕೊಡುತ್ತಾರೆ. ಹೊರಗೆ ಇದಕ್ಕೆ ಮೂವತ್ತು ಸಾವಿರದಷ್ಟು ಆಗುತ್ತದೆ. ಸಕಲೇಶಪುರದಿಂದ ಹಾಸನ ಸುಮಾರು ನಲವತ್ತು ಕಿಲೋಮೀಟರ್. ತೋಟದ ಒಳಗಿನ ಲೈನ್ ಮನೆಯಿಂದ ಮುಖ್ಯರಸ್ತೆಗೆ ಬರುವುದಕ್ಕೇ ಎಷ್ಟೋ ಹೊತ್ತು. ಅಂಥವರಿಗೆ ತಾಲ್ಲೂಕು ಆಸ್ಪತ್ರೆಯ ಆ ಚುಚ್ಚುಮದ್ದೇ ಆಸರೆ. ಆದರೆ ಅದಕ್ಕೂ ಮೊದಲು ಎದೆ ಹಿಡಿದುಕೊಂಡಾಗ 'ಗ್ಯಾಸ್ಟ್ರಿಕ್ ಇರಬೇಕು' ಎಂದು ಸೋಡಾ ಕುಡಿದು ಮಲಗದೆ ಆಸ್ಪತ್ರೆಗೆ ಹೊರಡಬೇಕು. ಆ ರಾತ್ರಿ ಅಲ್ಲಿ ಇಸಿಜಿ ತೆಗೆಯುವವರು ಇರಬೇಕು, ಚುಚ್ಚುಮದ್ದಿನ ದಾಸ್ತಾನು ಇರಬೇಕು. ಯೋಜನೆಯನ್ನು ಎಲ್ಲ ತಾಲ್ಲೂಕಿಗೂ ಹರಡುವ ಮಾತು 2025ರಲ್ಲಿ ಬಂತು. ಸಮಿತಿಯ ವರದಿಯ ಚರ್ಚೆಯಲ್ಲಿ ಕೇಳಬೇಕಿದ್ದ ಪ್ರಶ್ನೆಗಳು ಇಂಥವು: ಆ 24 ಮಂದಿಯಲ್ಲಿ ಎಷ್ಟು ಜನ ಜೀವವಿದ್ದಾಗಲೇ ಆಸ್ಪತ್ರೆ ಮುಟ್ಟಿದರು, ಮುಟ್ಟಿದವರಿಗೆ ಎಷ್ಟು ನಿಮಿಷದಲ್ಲಿ ಇಸಿಜಿ ಆಯಿತು?

ಮುಂದಿನ ಸಲ ಬೇರೆ ಯಾವುದೋ ಜಿಲ್ಲೆಯ ಹೆಸರು ಟಿವಿಯಲ್ಲಿ ಓಡುತ್ತದೆ. ಹಠಾತ್ ಸಾವಿನ ನೋಂದಣಿ ಆಗ ಒಂದು ವರ್ಷವಾದರೂ ತಪ್ಪದೆ ನಡೆದಿದ್ದರೆ, ಆ ಜಿಲ್ಲೆಯ ಆರೋಗ್ಯಾಧಿಕಾರಿ ಹಿಂದಿನ ವರ್ಷದ ಅದೇ ನಲವತ್ತು ದಿನದ ಪುಟ ತೆರೆದು ನೋಡಬಹುದು. ಅಲ್ಲಿ ಹನ್ನೆರಡು ಇರಬಹುದು, ಇಪ್ಪತ್ತಾರು ಇರಬಹುದು. ಹನ್ನೆರಡು ಇದ್ದರೆ ತನಿಖೆ ಅಂದೇ ಶುರುವಾಗಬೇಕು.